ನರಸಿಂಹರಾಜು ಅವರ ನಗುವಿಗೆ ಬ್ಲೇಡು ಹಾಕಿದವನ ಬಹಿರಂಗ ಪತ್ರ

ತಿಪಟೂರು ತಾಲ್ಲೂಕು
24 ಜುಲೈ 2025

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ಚಲನಚಿತ್ರ ಅಕಾಡೆಮಿ,
ಬೆಂಗಳೂರು.

ವಿಷಯ: ಹಾಸ್ಯನಟ ದಿವಂಗತ ಟಿ.ಆರ್. ನರಸಿಂಹರಾಜು ಅವರ ಚಿತ್ರಗಳ ಪೂರ್ಣ ಪ್ರತಿಗಳನ್ನು ಹುಡುಕಿಸಿ ಉಳಿಸುವ ಬಗ್ಗೆ.

ಮಾನ್ಯರೇ,

ಇವತ್ತು ನರಸಿಂಹರಾಜು ಹುಟ್ಟಿದ ದಿನ. 1923ರ ಜುಲೈ 24ರಂದು ಅವರು ಹುಟ್ಟಿದ್ದು ನಮ್ಮ ತಿಪಟೂರಿನಲ್ಲಿ. ಎರಡು ವರ್ಷದ ಹಿಂದೆಯೇ ನೂರು ತುಂಬಿತು. ಹಾರ, ಭಾಷಣ, ಫೋಟೊ ಎಲ್ಲ ಆಗಿಹೋಗಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವರ ಸಿನಿಮಾಗಳ ಬಗ್ಗೆ. ಅವು ಉಳಿದಿವೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅರ್ಧಂಬರ್ಧ ಉಳಿದಿವೆ ಎಂದು ಹೇಳುವುದಕ್ಕೆ ಈ ಪತ್ರ.

ದೂರು ಬರೆಯುವ ಮೊದಲು ನನ್ನದೊಂದು ತಪ್ಪೊಪ್ಪಿಗೆ ಇದೆ.

1971ರಲ್ಲಿ ನನಗೆ ಹದಿನೈದು. ನಮ್ಮ ಕಡೆ ಊರಿಂದೂರಿಗೆ ಹೋಗುತ್ತಿದ್ದ ಒಂದು ಟೂರಿಂಗ್ ಟಾಕೀಸಿನಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದೆ. ನೆಲ, ಬೆಂಚು, ಕುರ್ಚಿ ಎಂದು ಮೂರು ತರದ ಟಿಕೆಟ್ಟು. ಸಂಜೆ ಮೈಕಿನಲ್ಲಿ 'ನಮೋ ವೆಂಕಟೇಶ' ಹಾಕಿದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಟಿಕೆಟ್ ಕೊಡಲು ಶುರುಮಾಡಿದರು ಎಂದು ಗೊತ್ತಾಗುತ್ತಿತ್ತು. ಪ್ರೊಜೆಕ್ಟರು ಒಂದೇ. ಒಂದು ರೀಲು ಮುಗಿದು ಇನ್ನೊಂದು ಹಾಕುವ ತನಕ ದೀಪ ಹತ್ತುತ್ತಿತ್ತು, ಕಡ್ಲೆಕಾಯಿ ಮಾರುವವನು ಒಳಗೆ ನುಗ್ಗುತ್ತಿದ್ದ. ಬೆಂಗಳೂರಿನ ಗಾಂಧಿನಗರದಿಂದ ಪ್ರಿಂಟಿನ ಪೆಟ್ಟಿಗೆ ಬಸ್ಸಿನ ಮೇಲೆ ಬರುತ್ತಿತ್ತು. ಅಲ್ಲೆಲ್ಲ ಓಡಿ ಸವೆದು, ಐದಾರು ವರ್ಷ ಕಳೆದ ಮೇಲೆ ನಮಗೆ.

ಸೆಕೆಂಡ್ ಶೋ ಮುಗಿಯುವ ಹೊತ್ತಿಗೆ ರಾತ್ರಿ ಒಂದು ದಾಟುತ್ತಿತ್ತು. ಮಾಲೀಕರಿಗೆ ಪ್ರೊಜೆಕ್ಟರಿನ ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿಯ ಖರ್ಚಿನ ಚಿಂತೆ, ಪೊಲೀಸಿನವರ ಚಿಂತೆ. ಜನ ಕಡಿಮೆಯಾದ ದಿನ ಆಪರೇಟರ್ ಅಣ್ಣನ ಹತ್ತಿರ ಬಂದು, "ಸ್ವಲ್ಪ ಇಳಿಸು" ಅನ್ನುತ್ತಿದ್ದರು. ಇಳಿಸು ಅಂದರೆ ಕತ್ತರಿಸು ಅಂತ. ಯಾವುದನ್ನು ಕತ್ತರಿಸಬೇಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾಜ್‌ಕುಮಾರ್ ಇರುವ ತುಂಡು ತೆಗೆದರೆ ಟೆಂಟಿಗೆ ಕಲ್ಲು ಬೀಳುತ್ತಿತ್ತು. ಹಾಡು ತೆಗೆದರೆ ಹೆಂಗಸರು ಬೈದುಕೊಂಡು ಹೋಗುತ್ತಿದ್ದರು. ಹಾಸ್ಯ ಮಾತ್ರ ಎತ್ತಿದರೂ ಕತೆ ಎಡವುತ್ತಿರಲಿಲ್ಲ. ಆಗಿನ ಸಿನಿಮಾಗಳ ಕಟ್ಟಡವೇ ಹಾಗೆ: ಹಾಸ್ಯಗಾರನದು ಪಕ್ಕದ ಮನೆ, ಅವನಿಗೆ ಅವನದೇ ಪ್ರೇಮ, ಅವನದೇ ಮಾವ, ಅವನದೇ ಪೇಚಾಟ. ಐದು ದೃಶ್ಯದಲ್ಲಿ ಎರಡನ್ನು ಎತ್ತಿದರೆ ಉಳಿದ ಮೂರಕ್ಕೆ ಜನ ನಕ್ಕು ಎದ್ದುಹೋಗುತ್ತಿದ್ದರು. ತೋರಿಸದೇ ಇದ್ದದ್ದನ್ನು ಕೇಳುವವರು ಯಾರು?

ಕತ್ತರಿಸುವ ಕೆಲಸ ನನ್ನದೇ. ಬ್ಲೇಡಿನಿಂದ ಎರಡು ಕಡೆ ಕುಯ್ದು, ತುದಿಯ ಮಸಿ ಕೆರೆದು, ಫಿಲಂ ಸಿಮೆಂಟು ಹಚ್ಚಿ, ಬೆರಳಿನಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಬೇಕು. ಪೆಟ್ಟಿಗೆ ವಾಪಸು ಹೋಗುವಾಗ ತುಂಡುಗಳನ್ನು ಮತ್ತೆ ಸೇರಿಸಿ ಕಳಿಸಬೇಕೆಂಬುದು ನಿಯಮ. ಸೇರಿಸಿದ್ದಕ್ಕಿಂತ ಮರೆತದ್ದೇ ಹೆಚ್ಚು. ಮರೆತ ತುಂಡುಗಳು ಹುಡುಗರ ಜೇಬು ಸೇರುತ್ತಿದ್ದವು. ಕೆಟ್ಟ ಬಲ್ಬಿನ ಬುಡ ಒಡೆದು, ನೀರು ತುಂಬಿ, ರಟ್ಟಿನ ಡಬ್ಬಕ್ಕೆ ಸಿಕ್ಕಿಸಿ, ಹೊರಗಿನಿಂದ ಕನ್ನಡಿಯಲ್ಲಿ ಬಿಸಿಲು ಹಾಯಿಸಿದರೆ ಗೋಡೆ ಮೇಲೆ ಚಿತ್ರ ಬೀಳುತ್ತಿತ್ತು. ನಮ್ಮ ಕಾಲದವರಿಗೆ ಈ ಆಟ ಬಿಡಿಸಿ ಹೇಳಬೇಕಿಲ್ಲ.

ನಾನು ನರಸಿಂಹರಾಜು ಅವರನ್ನು ಕಲಾವಿದ ಎಂದು ಅರ್ಥಮಾಡಿಕೊಂಡದ್ದು ಆ ತುಂಡುಗಳಿಂದಲೇ. ಒಂದು ಸೆಕೆಂಡಿಗೆ 24 ಚಿತ್ರ. ಲಾಟೀನಿನ ಎದುರು ಹಿಡಿದು ಒಂದೊಂದನ್ನೇ ನೋಡುತ್ತಾ ಹೋದರೆ, ಪರದೆಯಲ್ಲಿ ಗೊತ್ತಾಗದ್ದು ಕಾಣುತ್ತಿತ್ತು. ಬೈಸಿಕೊಳ್ಳುವ ದೃಶ್ಯವೊಂದರ ತುಂಡು ನನ್ನ ಹತ್ತಿರ ಬಹಳ ದಿನ ಇತ್ತು. ಎದುರಿಗಿರುವವನು ಬೈಯುತ್ತಿದ್ದಾನೆ. ಇವರ ಬಾಯಿ ಇನ್ನೂ ನಗುತ್ತಲೇ ಇದೆ, ಆ ಮುಂದಿನ ಹಲ್ಲುಗಳು ಹೊರಗೇ ಇವೆ. ಆದರೆ ಕಣ್ಣಿಗೆ ಆಗಲೇ ಸುದ್ದಿ ಮುಟ್ಟಿದೆ. ಆಮೇಲೆ ಹುಬ್ಬು. ಆಮೇಲೆ ಕತ್ತಿನ ನರ. ಬಾಯಿ ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟೂ ಮೂವತ್ತು ನಲವತ್ತು ಚಿತ್ರಗಳೊಳಗೆ, ಅಂದರೆ ಎರಡು ಸೆಕೆಂಡು ತುಂಬುವ ಮೊದಲೇ. ಟೆಂಟಿನಲ್ಲಿ ಜನ ಗೊಳ್ಳೆಂದು ನಗುತ್ತಿದ್ದದ್ದು ಹಲ್ಲಿಗೆ ಅಂದುಕೊಂಡಿದ್ದೆ. ಆ ಕಣ್ಣು ಮತ್ತು ಬಾಯಿಯ ನಡುವಿನ ಅಂತರಕ್ಕೆ ಅಂತ ಆಮೇಲೆ ತಿಳಿಯಿತು.

ಇದು ಹುಟ್ಟಿನಿಂದ ಬಂದದ್ದಲ್ಲ, ದುಡಿದು ಬಂದದ್ದು. ನಾಲ್ಕೈದು ವರ್ಷದ ಮಗು ಆಗಿದ್ದಾಗಲೇ ಅವರು ಸಿ.ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭಾ ಸೇರಿದವರು. ಲೋಹಿತಾಶ್ವ, ಪ್ರಹ್ಲಾದ ಇತ್ಯಾದಿ ಬಾಲಪಾತ್ರಗಳು. ಆಮೇಲೆ ಕಂಪನಿಯಿಂದ ಕಂಪನಿಗೆ, ಹಿರಣ್ಣಯ್ಯನವರ ಮಂಡಳಿ, ಕೊನೆಗೆ ಗುಬ್ಬಿ ಕಂಪನಿ. ಇಪ್ಪತ್ತೈದು ವರ್ಷ ಬಣ್ಣದ ಪೆಟ್ಟಿಗೆ ಜೊತೆಗೆ ತಿರುಗಿದ ಮೇಲೆ 1954ರಲ್ಲಿ 'ಬೇಡರ ಕಣ್ಣಪ್ಪ'. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ ಎಂದು ಎಲ್ಲರಿಗೂ ನೆನಪಿದೆ. ಅರ್ಚಕರ ಪಾತ್ರದಲ್ಲಿ ಜಿ.ವಿ. ಅಯ್ಯರ್, ಅವರ ಮಗ ಕಾಶಿಯಾಗಿ ನರಸಿಂಹರಾಜು. ಅವರಿಗೂ ಸಿನಿಮಾದ ಬಾಗಿಲು ತೆರೆದದ್ದು ಅಲ್ಲಿಯೇ.

ಆಮೇಲಿನ ಕಾಲು ಶತಮಾನ ಅವರಿಲ್ಲದ ಕನ್ನಡ ಸಿನಿಮಾ ಹುಡುಕುವುದೇ ಕಷ್ಟ. ನಾಯಕನಿಗಿಂತ ಮೊದಲು ನರಸಿಂಹರಾಜು ಕಾಲ್‌ಶೀಟ್ ಕೇಳಬೇಕು ಎಂಬ ಮಾತು ಉದ್ಯಮದಲ್ಲೇ ಇತ್ತು. ನಮ್ಮ ಟೆಂಟಿನ ಪ್ರಚಾರದ ಗಾಡಿಯವನಿಗಂತೂ ಒಂದೇ ಸೂಚನೆ: ಸಿನಿಮಾ ಹೆಸರು ಮರೆತರೂ ಚಿಂತೆಯಿಲ್ಲ, "ನರಸಿಂಹರಾಜು ಇದಾನೆ" ಅನ್ನುವುದು ಮರೆಯಬೇಡ. ಜನರನ್ನು ಕರೆಯುವುದಕ್ಕೆ ಅವರೇ ಬೇಕು, ಬಂದ ಜನರನ್ನು ಬೇಗ ಕಳಿಸುವುದಕ್ಕೂ ಅವರಿಗೇ ಕತ್ತರಿ.

ಬಾಲಕೃಷ್ಣ ಅವರ ಜೊತೆಗಿನ ಜೋಡಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬಾಲಣ್ಣನವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿಗಿರುವವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಅವರ ಎದುರು ನಿಂತು ಮಾತಿಗೆ ಮಾತು ಕೊಡುವುದೆಂದರೆ ತುಟಿ ಸ್ಪಷ್ಟ ಇರಬೇಕು, ನಿಲ್ಲಿಸುವ ಜಾಗ ಖಚಿತ ಇರಬೇಕು. ಇಬ್ಬರೂ ಇರುವ ದೃಶ್ಯವನ್ನು ಸದ್ದು ತೆಗೆದು ನೋಡಿ. ಎಲ್ಲಿ ನಗಬೇಕು ಎಂದು ನಿಮಗೆ ಗೊತ್ತಾಗುತ್ತದೆ.

ಇದೇ ಬಳಗ ಕನ್ನಡ ಸಿನಿಮಾಕ್ಕೆ ಕೈ ಬರಿದಾಗಿದ್ದ ಕಾಲದಲ್ಲಿ ಏನು ಮಾಡಿತು ಎಂಬುದೂ ತಮಗೆ ಗೊತ್ತಿರುವುದೇ. ರಾಜ್‌ಕುಮಾರ್, ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿಕೊಂಡು, ಊರೂರಲ್ಲಿ ನಾಟಕ ಆಡಿ, ಆ ದುಡ್ಡಿನಿಂದ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಉದ್ಯಮ ಅಂತ ಇವತ್ತು ನಾವು ಕರೆಯುವ ಮನೆಯ ಅಡಿಪಾಯದ ಕಲ್ಲಿನಲ್ಲಿ ನರಸಿಂಹರಾಜು ಅವರದೂ ಒಂದು. 1979ರ ಜುಲೈನಲ್ಲಿ, ಐವತ್ತಾರು ತುಂಬುವ ಮೊದಲೇ, ಹೃದಯಾಘಾತದಿಂದ ಹೋಗಿಬಿಟ್ಟರು.

ಇನ್ನು ದೂರಿಗೆ ಬರುತ್ತೇನೆ.

ನಾನು ಒಂದು ಪ್ರಿಂಟಿಗೆ ಬ್ಲೇಡು ಹಾಕಿದರೆ ಸಿನಿಮಾ ಸಾಯುವುದಿಲ್ಲ ಎಂದು ಆಪರೇಟರ್ ಅಣ್ಣ ಸಮಾಧಾನ ಹೇಳುತ್ತಿದ್ದ. "ಮದ್ರಾಸಿನ ಲ್ಯಾಬಿನಲ್ಲಿ ನೆಗೆಟಿವ್ ಇರುತ್ತಪ್ಪ, ಅದು ಮುತ್ತೈದೆ ತರ ಗಟ್ಟಿಯಾಗಿರುತ್ತೆ" ಅನ್ನುತ್ತಿದ್ದ. ಆಗಿನ ಕನ್ನಡ ಸಿನಿಮಾಗಳ ಚಿತ್ರೀಕರಣ, ಸಂಸ್ಕರಣ ಎಲ್ಲ ಬಹುಪಾಲು ಮದ್ರಾಸಿನಲ್ಲೇ. ನಿರ್ಮಾಪಕರು ತೀರಿಕೊಂಡರು, ಸಂಸ್ಥೆಗಳು ಮುಳುಗಿದವು, ನೆಗೆಟಿವಿನ ಬಾಡಿಗೆ ಕಟ್ಟುವವರು ಇಲ್ಲವಾದರು. ಡಿಜಿಟಲ್ ಬಂದ ಮೇಲೆ ಲ್ಯಾಬುಗಳೂ ಬಾಗಿಲು ಹಾಕಿದವು. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಆ ಕಾಲದ ಫಿಲಮ್ಮಿಗೆ ಸೆಕೆ ಮತ್ತು ತೇವ ಆಗಿಬರುವುದಿಲ್ಲ. ಡಬ್ಬಿ ತೆರೆದರೆ ವಿನೆಗರ್ ವಾಸನೆ ಹೊಡೆಯಿತೆಂದರೆ ರೋಗ ಹಿಡಿದಿದೆ ಎಂದು ಲೆಕ್ಕ. ಸುರುಳಿ ಮುದುಡುತ್ತದೆ, ಪಕ್ಕದ ಡಬ್ಬಿಗೂ ಅಂಟುತ್ತದೆ. ಅದರಲ್ಲಿನ ಬೆಳ್ಳಿಯ ಆಸೆಗೆ ಹಳೆಯ ಕಪ್ಪುಬಿಳುಪು ಪ್ರಿಂಟುಗಳನ್ನು ತೂಕಕ್ಕೆ ಕೊಂಡವರೂ ಇದ್ದರು. ನಮ್ಮ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ', ಒಂದು ಪ್ರತಿಯೂ ಇಲ್ಲದೆ ಹೋಯಿತು. ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು, ನಾಗೇಂದ್ರರಾಯರ ರಾವಣ ಹೇಗಿದ್ದವು ಎಂದು ಇವತ್ತು ಯಾರೂ ಹೇಳಲಾರರು.

ಹೀಗೆ ನೆಗೆಟಿವ್ ಹೋದ ಮೇಲೆ ಉಳಿದದ್ದು ಯಾವುದು? ಊರೂರು ಸುತ್ತಿ ಬಂದ ಪ್ರಿಂಟು. ಅಂದರೆ ನನ್ನಂಥವರ ಕೈಗೆ ಸಿಕ್ಕಿದ್ದ ಪ್ರಿಂಟು. ಅದರಿಂದಲೇ ವಿಡಿಯೊ ಕ್ಯಾಸೆಟ್, ಕ್ಯಾಸೆಟ್ಟಿನಿಂದ ಟಿವಿ, ಟಿವಿಯಿಂದ ಈಗ ಮೊಬೈಲು. ಟಿವಿಯವರು ಜಾಹೀರಾತಿಗೆ ಜಾಗ ಮಾಡುವಾಗ ಮತ್ತೆ ಹಾಸ್ಯಕ್ಕೇ ಕೈ ಹಾಕಿದರು. ಅವರಿಗೂ ನಮ್ಮ ಮಾಲೀಕರ ಲೆಕ್ಕವೇ.

ಬರೀ ಅನುಮಾನದ ಮೇಲೆ ಹೇಳುತ್ತಿಲ್ಲ. ಕೋವಿಡ್ ಕಾಲದಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಮೊಮ್ಮಗನ ಸಹಾಯದಿಂದ ಒಂದು ನೋಟುಪುಸ್ತಕ ಮಾಡಿದೆ. ಹಳೆಯ ಸಿನಿಮಾದ ಮೊದಲಿಗೆ ಸೆನ್ಸಾರ್ ಸರ್ಟಿಫಿಕೇಟ್ ತೋರಿಸುತ್ತಾರಲ್ಲ, ಅದರಲ್ಲಿ ರೀಲು ಎಷ್ಟು, ಉದ್ದ ಎಷ್ಟು ಎಂದು ಬರೆದಿರುತ್ತದೆ. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಅಡಿಯನ್ನು 90ರಿಂದ ಭಾಗಿಸಿದರೆ ಸಿನಿಮಾ ಎಷ್ಟು ನಿಮಿಷ ಇರಬೇಕೆಂದು ಸಿಗುತ್ತದೆ. ನಾನು ಹೀಗೆ ಲೆಕ್ಕ ಹಾಕಿದ ಒಂದು ಚಿತ್ರದ ಉದ್ದ 14,500 ಅಡಿ. ಎರಡು ಗಂಟೆ ನಲವತ್ತೊಂದು ನಿಮಿಷ ಬರಬೇಕು. ಈಗ ನೋಡಲು ಸಿಗುವುದು ಎರಡು ಗಂಟೆ ಎಂಟು ನಿಮಿಷ. ಮೂವತ್ಮೂರು ನಿಮಿಷ ಎಲ್ಲಿ? ಅದೇ ಚಿತ್ರದ ಪದ್ಯಾವಳಿ ನನ್ನ ಟ್ರಂಕಿನಲ್ಲಿದೆ. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ತೆಳುವಾದ ಪುಸ್ತಕ. ಅದರಲ್ಲಿ ಹಾಸ್ಯಗಾರನದೊಂದು ಹಾಡು ಅಚ್ಚಾಗಿದೆ. ಸಿನಿಮಾದಲ್ಲಿ ಅದಿಲ್ಲ. ನರಸಿಂಹರಾಜು ಒಂದು ಬಾಗಿಲಿಂದ ಒಳಗೆ ಹೋಗುತ್ತಾರೆ, ಪರದೆ ಒಂದು ಸಲ ಜಿಗಿಯುತ್ತದೆ, ನಾಯಕಿ ಅಳುತ್ತಾ ಕೂತಿರುತ್ತಾಳೆ. ಆ ಜಿಗಿತ ನನಗೆ ಚೆನ್ನಾಗಿ ಗೊತ್ತು. ಬ್ಲೇಡು ಮತ್ತು ಸಿಮೆಂಟಿನ ಜಿಗಿತ ಅದು.

ಚಿತ್ರದ ಹೆಸರು ಇಲ್ಲಿ ಹಾಕುವುದಿಲ್ಲ, ಯಾರನ್ನೋ ಗುರಿ ಮಾಡಿದಂತಾಗುವುದು ಬೇಡ. ತಾವು ಕೇಳಿದರೆ ನೋಟುಪುಸ್ತಕವನ್ನೇ ತಂದು ಕೊಡುತ್ತೇನೆ.

ಒಂದು ಟಿವಿ ವಾಹಿನಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ಒಂದು ಕಚೇರಿಗೆ ಅರ್ಜಿ ಹಿಡಿದು ಹೋದೆ. ಅಲ್ಲಿದ್ದವರು ಕುರ್ಚಿ ಕೊಟ್ಟು, ಚೆನ್ನಾಗಿಯೇ ಮಾತಾಡಿಸಿದರು. "ನರಸಿಂಹರಾಜು ಹೆಸರಲ್ಲಿ ಏನಾಗಬೇಕು ಯಜಮಾನ್ರೇ? ಪುತ್ಥಳಿನಾ, ರಸ್ತೆಗೆ ಹೆಸರಾ?" ಎಂದರು. ಸಿನಿಮಾ ಬೇಕು ಸ್ವಾಮಿ ಎಂದೆ. ಸಿನಿಮಾ ಮೊಬೈಲಿನಲ್ಲೇ ಇದೆಯಲ್ಲ ಎಂದು ನನಗೇ ತೆಗೆದು ತೋರಿಸಿದರು! ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಮುದ್ರೆ, ನರಸಿಂಹರಾಜು ಅವರ ಹಲ್ಲಿನ ಮೇಲೇ. (ರಸ್ತೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ: ಬೆಂಗಳೂರಿನ ಎನ್.ಆರ್. ಕಾಲೊನಿ ಈ ನರಸಿಂಹರಾಜು ಹೆಸರಿನದೇ ಎಂದು ನನ್ನ ಮೊಮ್ಮಗ ನಂಬಿದ್ದ. ಅದು ಯುವರಾಜ ನರಸಿಂಹರಾಜ ಒಡೆಯರ ಹೆಸರು. ತಿದ್ದುವುದಕ್ಕೆ ನನಗೇ ಸ್ವಲ್ಪ ಬೇಜಾರಾಯಿತು.)

ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ನಮ್ಮ ಕಣ್ಣೆದುರೇ ಸಾಕ್ಷಿ ಇದೆ. ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ' 1965ರದು. 2008ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ನಾನು ತುಮಕೂರಿಗೆ ಹೋಗಿ ನೋಡಿದೆ. ನರಸಿಂಹರಾಜು ಅದರಲ್ಲಿ ನಕ್ಷತ್ರಿಕ, ವಿಶ್ವಾಮಿತ್ರರ ಸಾಲ ವಸೂಲಿಗೆ ರಾಜನ ಬೆನ್ನು ಹತ್ತಿದವನು. ಹಠ ಹಿಡಿದು ಸಾಲ ವಸೂಲಿಗೆ ಬರುವವನನ್ನು ನಮ್ಮ ಕಡೆ ಈಗಲೂ ನಕ್ಷತ್ರಿಕ ಅಂತಲೇ ಬೈಯುವುದು. ರಾಜ, ರಾಣಿ, ಮಗು ಬಿಸಿಲಲ್ಲಿ ಬೇಯುತ್ತಿರುವಾಗ ಪಕ್ಕದಲ್ಲಿ ಇವನ ಪೀಡೆ. ನೋಡುವವರಿಗೆ ನಗುವೂ ಬರಬೇಕು, ಕೊರಳು ಹಿಸುಕಬೇಕು ಅಂತಲೂ ಅನ್ನಿಸಬೇಕು. ಎರಡನ್ನೂ ಒಂದೇ ಮುಖದಲ್ಲಿ ನಿಭಾಯಿಸಿದ್ದಾರೆ. ಅದರ ಎರಡು ತುಂಡುಗಳನ್ನು ನಾನು ಹಿಂದೆ ನಮ್ಮ ಟೆಂಟಿನಲ್ಲಿ "ಇಳಿಸಿದ್ದೆ". ಮೂವತ್ತು ಚಿಲ್ಲರೆ ವರ್ಷದ ಮೇಲೆ ಅವು ಬಣ್ಣ ಉಟ್ಟುಕೊಂಡು ಎದುರಿಗೆ ಬಂದವು. ಪಕ್ಕದ ಸೀಟಿನವರು ನಗುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡೆ.

ಬಣ್ಣ ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ನನಗೆ ಕಪ್ಪುಬಿಳುಪೇ ಇಷ್ಟ. ಆ ಚಿತ್ರ ಪೂರ್ತಿ ಉಳಿದದ್ದು ಅದರ ನಾಯಕ ರಾಜ್‌ಕುಮಾರ್ ಆದದ್ದರಿಂದ ಎಂಬುದೂ ಗೊತ್ತು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ಸಿನಲ್ಲಿ ತೋರಿಸಿದರು, ಕನ್ನಡಿಗನಾಗಿ ಹೆಮ್ಮೆಪಟ್ಟೆ. ದೊಡ್ಡ ನಾಯಕರಿಗೆ ಅಭಿಮಾನಿಗಳಿದ್ದಾರೆ, ಕಲಾತ್ಮಕ ಚಿತ್ರಗಳಿಗೆ ವಿದ್ವಾಂಸರಿದ್ದಾರೆ. ಹಾಸ್ಯಗಾರನ ಪರವಾಗಿ ಯಾರು ಬರುತ್ತಾರೆ? ಅವನು ಯಾವ ಚಿತ್ರದಲ್ಲೂ ಮುಖ್ಯನಲ್ಲ, ಎಲ್ಲ ಚಿತ್ರದಲ್ಲೂ ಇದ್ದಾನೆ. ಆದ್ದರಿಂದ ಅವನ ಹೆಸರು ಯಾರ ಪಟ್ಟಿಯಲ್ಲೂ ಸೇರುವುದಿಲ್ಲ.

ಆ ಕಾರಣಕ್ಕೇ ಅಕಾಡೆಮಿಯ ಬಾಗಿಲಿಗೆ ಬಂದಿದ್ದೇನೆ. ನನ್ನ ಕೋರಿಕೆ ದೊಡ್ಡ ಬಜೆಟ್ಟಿನದಲ್ಲ, ಕನಿಷ್ಠ ಮೊದಲ ಹೆಜ್ಜೆಯಂತೂ ಅಲ್ಲ. ನರಸಿಂಹರಾಜು ನಟಿಸಿದ ಚಿತ್ರಗಳ ಪಟ್ಟಿ ಮಾಡಿಸಿ, ಪ್ರತಿಯೊಂದಕ್ಕೂ ಸೆನ್ಸಾರಿನಲ್ಲಿ ದಾಖಲಾದ ಉದ್ದ ಎಷ್ಟು, ಈಗ ಸಿಗುವ ಪ್ರತಿಯ ಉದ್ದ ಎಷ್ಟು, ನೆಗೆಟಿವ್ ಅಥವಾ ಪ್ರಿಂಟ್ ಯಾರ ಬಳಿ ಇದೆ ಎಂದು ಬರೆಸಿ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಅಲ್ಲಿರುವ ಕನ್ನಡ ಡಬ್ಬಿಗಳನ್ನು ತೆರೆಸಿ ಅಳೆಯಿಸಲು ನನ್ನಂಥವನ ಅರ್ಜಿ ಸಾಲದು, ಅಕಾಡೆಮಿಯ ಪತ್ರಕ್ಕೆ ತೂಕ ಇರುತ್ತದೆ. ರಾಷ್ಟ್ರೀಯ ಚಲನಚಿತ್ರ ಪರಂಪರೆ ಯೋಜನೆ ಎಂದು ಕೇಂದ್ರ ಸರ್ಕಾರ 597 ಕೋಟಿ ರೂಪಾಯಿ ಗೊತ್ತುಮಾಡಿದ್ದು ತಮಗೆ ತಿಳಿದಿದೆ. ಕನ್ನಡದ ಪಾಲನ್ನು ಕೇಳಿ ಪಡೆಯಬೇಕಾದವರು ತಾವು. ಮತ್ತೆ, ಹಳೆಯ ಪ್ರದರ್ಶಕರ ಅಟ್ಟದ ಮೇಲೆ, ಸಂಗ್ರಾಹಕರ ಕೋಣೆಯಲ್ಲಿ ಇನ್ನೂ ಬಿಡಿ ರೀಲುಗಳು ಇರಬಹುದು. "ಇದ್ದರೆ ತನ್ನಿ, ಕೇಸು ಹಾಕುವುದಿಲ್ಲ" ಎಂದು ಒಂದು ಪ್ರಕಟಣೆ ಕೊಟ್ಟು ನೋಡಿ. ಹೆದರಿ ಕೂತವರು ಬಹಳ ಜನ ಇದ್ದಾರೆ.

ಹಕ್ಕುಸ್ವಾಮ್ಯದ ತೊಡಕು ಎಂಬ ಮಾತು ಬರುತ್ತದೆ, ನನಗೂ ಹೇಳಿದರು. 1957ರ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಹಾಗಾದರೆ 1964ರ ತನಕ ಬಿಡುಗಡೆಯಾದ ಚಿತ್ರಗಳ ಅವಧಿ ಈ ಜನವರಿ ಒಂದಕ್ಕೆ ಮುಗಿದಿದೆ. ಹಾಡಿನ ಸಾಹಿತ್ಯ, ಸಂಗೀತದ ಹಕ್ಕಿನ ಲೆಕ್ಕ ಬೇರೆ, ಅದು ಕರ್ತೃವಿನ ಕಾಲದ ಮೇಲೆ ನಿಲ್ಲುತ್ತದೆ ಎಂದು ವಕೀಲರೊಬ್ಬರು ತಿಳಿಸಿದರು. ಆದರೂ 'ಬೇಡರ ಕಣ್ಣಪ್ಪ', 'ರಣಧೀರ ಕಂಠೀರವ' ಮೊದಲಾದವುಗಳ ಚಿತ್ರಪ್ರತಿಯನ್ನು ಉಳಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ ಎಂದೇ ನನ್ನ ತಿಳಿವಳಿಕೆ. ತಪ್ಪಿದ್ದರೆ ತಮ್ಮ ಕಾನೂನು ಸಲಹೆಗಾರರು ತಿದ್ದಲಿ, ಆದರೆ ಬರವಣಿಗೆಯಲ್ಲಿ ತಿದ್ದಲಿ.

ಇನ್ನೊಂದು ಸಣ್ಣ ಕೋರಿಕೆ. ಆಪರೇಟರುಗಳು, ರೀಲು ಸುತ್ತಿದವರು, ಪೆಟ್ಟಿಗೆ ಹೊತ್ತವರು, ನಾವೆಲ್ಲ ಈಗ ಎಪ್ಪತ್ತರ ಆಚೀಚೆ. ನಮ್ಮ ಆಪರೇಟರ್ ಅಣ್ಣ ಹೋದ ವರ್ಷ ತೀರಿಕೊಂಡ. ಯಾವ ಸಿನಿಮಾದ ಯಾವ ರೀಲಿನಲ್ಲಿ ಏನಿತ್ತು ಎಂದು ಅವನಿಗೆ ಬಾಯಿಪಾಠ ಇತ್ತು. ಪೂರ್ಣ ಪ್ರತಿ ಸಿಗದಿದ್ದ ಕಡೆ, ಕಾಣೆಯಾದ ದೃಶ್ಯ ಯಾವುದೆಂದಾದರೂ ಹೇಳುವವರು ಇವರೇ. ಒಂದು ಮೊಬೈಲು, ಒಬ್ಬ ಹುಡುಗ, ಒಂದು ಬಸ್ ಪಾಸು ಸಾಕು, ಈ ನೆನಪುಗಳನ್ನು ದಾಖಲಿಸಲು.

ಮುಂದಿನ ಜುಲೈ 24ಕ್ಕೆ ತಿಪಟೂರಿನಲ್ಲಿ ಅವರದೊಂದೇ ಒಂದು ಚಿತ್ರ, ಸರ್ಟಿಫಿಕೇಟಿನಲ್ಲಿ ಬರೆದಷ್ಟೂ ಅಡಿ, ಮೊದಲಿಂದ ಕೊನೆಯ ತನಕ ತೋರಿಸಲು ಸಾಧ್ಯವೇ ಎಂದು ತಾವು ಪರಿಶೀಲಿಸಬೇಕು. ಕೊಬ್ಬರಿ ಮಂಡಿಯ ಹಮಾಲರಿಂದ ಹಿಡಿದು ಕಾಲೇಜು ಹುಡುಗರ ತನಕ ಜನ ಬರುತ್ತಾರೆ, ಅದರ ಹೊಣೆ ನಾವು ಹೊರುತ್ತೇವೆ. ಭಾಷಣಕಾರರನ್ನು ಕಳಿಸದಿದ್ದರೂ ನಡೆದೀತು.

ಈ ಪತ್ರಕ್ಕೆ ಮೂರು ತಿಂಗಳೊಳಗೆ ಉತ್ತರ ಬರದಿದ್ದರೆ ಮತ್ತೆ ಬರೆಯುತ್ತೇನೆ. ಅದಕ್ಕೂ ಬರದಿದ್ದರೆ ಬಸ್ಸು ಹತ್ತಿ ಬಂದು ತಮ್ಮ ಬಾಗಿಲಲ್ಲಿ ಕೂರುತ್ತೇನೆ. ಬೆನ್ನು ಹತ್ತುವುದು ಹೇಗೆಂದು ನಕ್ಷತ್ರಿಕನಿಂದ ಕಲಿತಿದ್ದೇನೆ.

ಲಗತ್ತು: ನೋಟುಪುಸ್ತಕದ ಹನ್ನೊಂದು ಪುಟಗಳ ಜೆರಾಕ್ಸ್; ಒಂದು ಫಿಲಂ ತುಂಡು, 38 ಚಿತ್ರಗಳು. ಇದು ನಾನೇ ಕತ್ತರಿಸಿದ್ದು. ಯಾವ ಸಿನಿಮಾದ್ದೆಂದು ನನಗೀಗ ನೆನಪಿಲ್ಲ. ಪೂರ್ಣ ಪ್ರತಿ ಸಿಕ್ಕಿದ ದಿನ ಎಲ್ಲಿಯದೆಂದು ಗೊತ್ತಾದರೆ ನನಗೊಂದು ಕಾರ್ಡು ಹಾಕಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ರೀಲು ಸುತ್ತುವ ಹುಡುಗ